ಐನೂರು ವಾಟಿನ ದಿವಂಗತರೊಡನೆ

ಬದುಕಿರುವ ದೊಡ್ಡ ಮನುಷ್ಯರನ್ನು ಸಂದರ್ಶಿಸಿ ಪತ್ರಿಕೆಗಳಿಗೆ ಬರೆದವರಿಗೆಲ್ಲ ಒಂದು ಸಂಗತಿ ಅನುಭವವೇದ್ಯವಾಗಿರುತ್ತದೆ: ಅವರು ಪ್ರಶ್ನೆಗೆ ಉತ್ತರವನ್ನು ಕೊಡುವುದಿಲ್ಲ, ತಮ್ಮ ಬಿರುದಾವಳಿಯನ್ನು ಕೊಡುತ್ತಾರೆ; ಮುಂದಿನ ಚುನಾವಣೆಯೋ, ಮುಂದಿನ ಬಡ್ತಿಯೋ, ಮುಂದಿನ ಸನ್ಮಾನವೋ ಕಣ್ಣೆದುರಿಗೆ ಇರುವ ತನಕ ಸತ್ಯವು ನಾಲಗೆಯ ತುದಿಗೆ ಬಂದರೂ ತುಟಿಯನ್ನು ದಾಟುವುದಿಲ್ಲ. ಆದುದರಿಂದ ನಿಷ್ಕಪಟವಾದ ಮಾತನ್ನು ಕೇಳಬೇಕೆಂಬ ಅಪೇಕ್ಷೆಯುಳ್ಳವನು ಸತ್ತವರ ಬಳಿಗೇ ಹೋಗತಕ್ಕದ್ದೆಂಬ ನಿಶ್ಚಯಕ್ಕೆ ಬಂದು, ಕಾವೂರಿನ ನಮ್ಮ ಮನೆಯ ಚಾವಡಿಯಲ್ಲಿ ಹಳೆಯ ಪತ್ರಿಕೆಯ ಮೇಲೆ ಮಲಗಿಸಲಾಗಿದ್ದ ಒಂದು ತಗಡಿನ ಪೆಟ್ಟಿಗೆಯನ್ನು ನಾನು ಈ ಸಂದರ್ಶನಕ್ಕೆ ಆರಿಸಿಕೊಂಡೆನು. ಅಂಗಡಿಯವರೂ ಹುಡುಗರೂ ಅದನ್ನು ಎಸ್‌ಎಂಪಿಎಸ್ ಎಂದು ಕರೆಯುತ್ತಾರೆ. ಗೋಡೆಯ ಪ್ಲಗ್ಗಿನಿಂದ ಬರುವ ಕರೆಂಟನ್ನು ಕಂಪ್ಯೂಟರಿನ ಅಂಗಾಂಗಗಳಿಗೆ ಸಹ್ಯವಾಗುವಂತೆ ಹದಗೊಳಿಸಿ ಹಂಚುವುದು ಅದರ ವೃತ್ತಿ. ನನ್ನ ಸೋದರಳಿಯನು ಆಟಕ್ಕಾಗಿಯೇ ತನ್ನ ಕೈಯಾರೆ ಜೋಡಿಸಿದ ಯಂತ್ರವನ್ನು, ಅದರ ತಯಾರಕರು ವಿಧಿಸಿದ ವೇಗವನ್ನು ಮೀರಿ ಓಡಿಸಲು ಹೊರಟ ಒಂದು ಸಂಜೆ, ಈ ಪೆಟ್ಟಿಗೆಯು ಪಟಾರನೆ ಸಿಡಿದು, ಕೋಣೆಯ ತುಂಬ ಸುಟ್ಟ ನಾತವನ್ನು ಬಿಟ್ಟು ತೀರಿಕೊಂಡಿತು. ಶಾಸನಗಳು ಬದಲಾಗಿ ಅಳಿಯಸಂತಾನದ ಕಟ್ಟು ಹಿರಿಯರ ಕಥೆಯಾಗಿ ಉಳಿದ ಮೇಲೂ, ಅಳಿಯನ ಸಾಹಸಗಳ ಬಿಲ್ಲು ಮಾವನ ಹೆಸರಿಗೆ ಬರುವ ಭಾಗವು ಮಾತ್ರ ಅಬಾಧಿತವಾಗಿ ಉಳಿದುಕೊಂಡಿರುವುದರಿಂದ, ಈ ಮರಣದ ವಿಚಾರಣೆಯನ್ನು ನಡೆಸುವ ಅಧಿಕಾರ ನನಗಿದೆಯೆಂದು ಭಾವಿಸಿದ್ದೇನೆ.

ಸ್ಥಳದ ವಿಚಾರವಾಗಿಯೂ ಒಂದು ಮಾತು. ಭಕ್ತರಿಗೆ ಕಾವೂರೆಂದರೆ ಮಹಾಲಿಂಗೇಶ್ವರನ ಸನ್ನಿಧಿ; ಕುದುರೆಮುಖ ಕಂಪೆನಿಯಲ್ಲಿ ದುಡಿದವರಿಗೆ ಅವರ ಟೌನ್‌ಶಿಪ್ಪು; ಆದರೆ ವಿದ್ಯುತ್ತಿನ ಇಲಾಖೆಗಳಲ್ಲಿ ಕೆಲಸ ಮಾಡುವವರಿಗೆ ಕಾವೂರೆಂದರೆ 220 ಕಿಲೋವೋಲ್ಟಿನ ಸ್ವೀಕರಣಾ ಕೇಂದ್ರ. ಅಷ್ಟು ದೊಡ್ಡ ಶಕ್ತಿಯ ನೆರೆಯಲ್ಲಿ ವಾಸಮಾಡುವವರಿಗೆ ವಿದ್ಯುತ್ತಿನ ಗುಣಾವಗುಣಗಳು ಕರತಲಾಮಲಕವಾಗಿರಬೇಕೆಂದು ಪರಸ್ಥಳದವರು ಊಹಿಸುವುದು ಸಹಜ. ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆಯನ್ನು ಅವರು ಕೇಳಿಲ್ಲವೆಂದು ತೋರುತ್ತದೆ.

ಅಳಿಯನ ಸ್ನೇಹಿತರಲ್ಲಿ ವಿದ್ಯುಚ್ಛಾಸ್ತ್ರವನ್ನು ಓದಿದವನೊಬ್ಬನು ಪೆಟ್ಟಿಗೆಯ ಮುಚ್ಚಳವನ್ನು ಬಿಚ್ಚಿಟ್ಟು ಹೋಗಿದ್ದನು. ನಾನು ಕನ್ನಡಕವನ್ನು ಏರಿಸಿಕೊಂಡು ಬಾಗಿ, ಕುತೂಹಲದಿಂದ ಬೆರಳನ್ನು ಒಳಗೆ ಚಾಚುವಷ್ಟರಲ್ಲಿಯೇ ದಿವಂಗತರು ಬಾಯಿ ತೆರೆದರು.

ದಿವಂಗತ: ಕೈ ತೆಗೆಯಿರಿ ಮಾಸ್ತರರೇ! ನಾನು ಸತ್ತಿರಬಹುದು, ನನ್ನ ಹೊಟ್ಟೆಯೊಳಗಿನ ಕೆಪಾಸಿಟರುಗಳು ಸತ್ತಿವೆಯೆಂದು ನಿಮಗೆ ಹೇಳಿದವರು ಯಾರು? ನಿಮ್ಮ ಮನೆಯ 230 ವೋಲ್ಟು ಎಂಬುದು ಒಂದು ಬಗೆಯ ಸರಾಸರಿಯ ಲೆಕ್ಕ. ಅದರ ಅಲೆಯ ಶಿಖರವು 325 ವೋಲ್ಟಿನಷ್ಟು ಎತ್ತರ. ಆ ಎತ್ತರದ ವಿದ್ಯುತ್ತನ್ನು ನಾವು ಒಳಗೆ ಹಿಡಿದಿಟ್ಟುಕೊಳ್ಳುತ್ತೇವೆ. ಪ್ಲಗ್ಗನ್ನು ಕಿತ್ತ ಮೇಲೂ ಅದು ಕೆಲವು ಕಾಲ ಉಳಿಯುವುದುಂಟು. ನಮ್ಮಂಥವರ ಮುಚ್ಚಳವನ್ನು ಬಲ್ಲವರಲ್ಲದೆ ಬೇರೆಯವರು ತೆಗೆಯತಕ್ಕದ್ದಲ್ಲ.

ಲೇಖಕ: ಉಪಕಾರವಾಯಿತು. ತಮ್ಮ ಹುಟ್ಟು, ಮನೆತನ, ಬಿರುದುಗಳ ವಿಚಾರವಾಗಿ ಎರಡು ಮಾತು ಅಪ್ಪಣೆಯಾಗಬೇಕು.

ದಿವಂಗತ: ಮನೆತನವೆಂಬುದು ಇದ್ದರಲ್ಲವೇ ಮಾರಾಯರೇ? ನಿಮ್ಮ ಅಳಿಯನು ಗಾಜಿನ ಬಾಗಿಲಿನ ಕ್ಯಾಬಿನೆಟ್ಟೊಂದನ್ನು ಕೊಂಡಾಗ ಅದರೊಳಗೆ ಉಚಿತವಾಗಿ ಬಂದವನು ನಾನು. ಮೈಮೇಲಿನ ಈ ಹೊಳೆಯುವ ಚೀಟಿಯನ್ನು ನೋಡಿದಿರೋ? 500 ವಾಟ್ ಎಂದು ಎಷ್ಟು ದಪ್ಪವಾದ ಅಕ್ಷರಗಳಲ್ಲಿ ಅಚ್ಚಾಗಿದೆ! ಆ ಐನೂರನ್ನು ನಾನು ಸಂಪಾದಿಸಿದವನಲ್ಲ, ಅಚ್ಚುಕೂಟದವರು ದಯಪಾಲಿಸಿದ್ದು. ನನ್ನ ಜೊತೆಯಲ್ಲಿಯೇ, ಅದೇ ಹಲಗೆ, ಅದೇ ತಂತಿ, ಅದೇ ಫ್ಯಾನುಗಳಿಂದ ಹುಟ್ಟಿದ ನನ್ನ ಒಡಹುಟ್ಟುಗಳಲ್ಲಿ ಕೆಲವರು 450 ಎಂಬ ಚೀಟಿಯನ್ನೂ, ಭಾಗ್ಯವಂತರು ಕೆಲವರು 600 ಎಂಬ ಚೀಟಿಯನ್ನೂ ಅಂಟಿಸಿಕೊಂಡು ಲೋಕಸಂಚಾರಕ್ಕೆ ಹೊರಟರು. ನಿಮ್ಮ ಮನುಷ್ಯಲೋಕದಲ್ಲಿ ಗೌರವ ಡಾಕ್ಟರೇಟುಗಳು ಸಲ್ಲುವ ಕ್ರಮವನ್ನು ನೋಡಿದಾಗ ನನಗೆ ನಾಚಿಕೆಯೇನೂ ಆಗಲಿಲ್ಲ.

ಲೇಖಕ: ಚೀಟಿಯು ಸುಳ್ಳೆಂಬುದನ್ನು ಸಾಮಾನ್ಯನು ಕಂಡುಹಿಡಿಯುವುದು ಹೇಗೆ?

ದಿವಂಗತ: ಸೋಜಿಗವೆಂದರೆ ಚೀಟಿಯೇ ಸತ್ಯವನ್ನೂ ಹೇಳುತ್ತದೆ, ದಪ್ಪಕ್ಷರದ ಕೆಳಗೆ, ಇರುವೆಯ ಸಾಲಿನಂಥ ಸಣ್ಣಕ್ಷರಗಳಲ್ಲಿ. ಅಲ್ಲಿ 12 ವೋಲ್ಟು ಎಂಬುದರ ಎದುರಿಗೆ ಎಷ್ಟು ಆಂಪಿಯರೆಂದು ಬರೆದಿದೆ? 18. ಹನ್ನೆರಡನ್ನು ಹದಿನೆಂಟರಿಂದ ಗುಣಿಸಿರಿ. ನೀವು ಜೀವಮಾನವಿಡೀ ಮಕ್ಕಳಿಗೆ ಮಗ್ಗಿ ಕಲಿಸಿದವರು. 216 ವಾಟು! ಉಳಿದದ್ದೆಲ್ಲಿ ಎಂದು ಕೇಳಿದರೆ, 5 ವೋಲ್ಟು, 3.3 ವೋಲ್ಟು ಎಂಬ ಬೇರೆ ಎರಡು ದಾರಿಗಳ ಮೇಲೆ ಅದನ್ನು ಹಂಚಿ ತೋರಿಸಿದ್ದಾರೆ. ಇಂಟೆಲ್ ಕಂಪೆನಿಯು 1995ರಲ್ಲಿ ಎಟಿಎಕ್ಸ್ ಎಂಬ ಕ್ರಮವನ್ನು ರೂಪಿಸಿದ ಕಾಲದಲ್ಲಿ ಗಣಕಗಳು ಆ ಚಿಕ್ಕ ವೋಲ್ಟುಗಳನ್ನೇ ಹೆಚ್ಚಾಗಿ ಬಳಸುತ್ತಿದ್ದವು. ಈಗಿನ ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ತಮ್ಮ ಆಹಾರವನ್ನು ಬಹುಮಟ್ಟಿಗೆ 12 ವೋಲ್ಟಿನ ದಾರಿಯಿಂದಲೇ ಪಡೆಯುತ್ತವೆ. ನಿಜವಾಗಿ ಐನೂರು ವಾಟಿನ ಯೋಗ್ಯತೆಯುಳ್ಳವನ ಚೀಟಿಯಲ್ಲಿ ಆ ಸಾಲಿನಲ್ಲಿ ಸುಮಾರು 40 ಆಂಪಿಯರು ಇರುತ್ತದೆ. ಆ ಹದಿನೆಂಟನ್ನಾದರೂ ನಾನು ಬಹುಕಾಲ ಹೊತ್ತುಕೊಂಡು ನಿಲ್ಲಬಲ್ಲವನಾಗಿದ್ದೆನೆಂದು ಪ್ರಮಾಣ ಮಾಡಿ ಹೇಳಲಾರೆ.

ಲೇಖಕ: ಆದರೆ ಅಂಗಡಿಯಾತನು ತಮ್ಮನ್ನು ಎತ್ತಿ ನೋಡಿ ಭಾರವಾಗಿದೆ, ಒಳ್ಳೆಯ ಮಾಲು ಎಂದಿದ್ದನಂತೆ.

ದಿವಂಗತ: ತೂಕದಿಂದ ಗುಣವನ್ನು ಅಳೆಯುವ ಪದ್ಧತಿ ಹಿಂದೆ ನ್ಯಾಯವಾದದ್ದೇ, ದೊಡ್ಡ ಟ್ರಾನ್ಸ್‌ಫಾರ್ಮರು, ದಪ್ಪನೆಯ ತಾಮ್ರ, ಅಗಲವಾದ ಅಲ್ಯೂಮಿನಿಯಂ ಫಲಕಗಳು ಇದ್ದಲ್ಲಿ ಭಾರ ತಾನಾಗಿ ಬರುತ್ತದೆ. ಜನರು ಹಾಗೆ ಅಳೆಯುತ್ತಾರೆಂಬುದನ್ನು ತಿಳಿದ ಮೇಲೆ, ಒಳಗೆ ಕೆಲಸವಿಲ್ಲದ ಕಬ್ಬಿಣದ ತುಂಡೊಂದನ್ನು ಕೂರಿಸಿ ಕಳುಹಿಸಿದ ಮಹನೀಯರೂ ನಮ್ಮ ಉದ್ಯಮದಲ್ಲಿ ಆಗಿಹೋಗಿದ್ದಾರೆ. ನನ್ನೊಳಗೆ ಅದಿಲ್ಲ, ನನ್ನನ್ನು ಮಾಡಿದವರಿಗೆ ಕಬ್ಬಿಣವೂ ದುಬಾರಿಯೆನ್ನಿಸಿರಬೇಕು. ಪ್ಲಗ್ಗಿನ ತಂತಿ ಒಳಗೆ ಬರುವ ಮೂಲೆಯನ್ನು ನೋಡಿರಿ, ಮುಟ್ಟಬೇಡಿರಿ.

ನಾನು ನೋಡಿದೆನು. ಹಸುರು ಹಲಗೆಯ ಮೇಲೆ ಬಿಳಿಯ ಗೆರೆಗಳಿಂದ ಒಂದು ಸುರುಳಿಯ ಚಿತ್ರ, ಎರಡು ಮೂರು ಆಯತಗಳ ಚಿತ್ರ, ಪಕ್ಕದಲ್ಲಿ ಒಂದು ವರ್ತುಲದ ಚಿತ್ರ ಇದ್ದವು. ಆ ಚಿತ್ರಗಳ ಮೇಲೆ ಕುಳಿತಿರಬೇಕಾಗಿದ್ದ ವಸ್ತುಗಳು ಮಾತ್ರ ಇರಲಿಲ್ಲ. ಸುರುಳಿಯ ಸ್ಥಾನದಲ್ಲಿ ಎರಡು ಬೋಳು ತಂತಿಯ ತುಣುಕುಗಳನ್ನು ಬೆಸೆದು ದಾರಿಯನ್ನು ಕೂಡಿಸಿದ್ದರು. ಹಿಂಬದಿಯಲ್ಲಿ 115, 230 ಎಂದು ಬರೆದ ಒಂದು ಕೆಂಪು ಜಾರುಗುಂಡಿ ಇತ್ತು.

ದಿವಂಗತ: ಆ ಚಿತ್ರಗಳಿರುವಲ್ಲಿ ನನ್ನ ಕಾವಲುಗಾರರು ಇರಬೇಕಾಗಿತ್ತು: ಹೊರಗಿನ ಗೊಂದಲವು ಒಳಗೆ, ಒಳಗಿನ ಗೊಂದಲವು ಹೊರಗೆ ಹೋಗದಂತೆ ತಡೆಯುವ ಫಿಲ್ಟರು, ಸಿಡಿಲಿನ ಹೊಡೆತವನ್ನು ತಾನು ನುಂಗಿಕೊಳ್ಳುವ ಎಂಒವಿ. ವಿನ್ಯಾಸಕಾರನು ಅವರಿಗೆ ಸ್ಥಳವನ್ನು ಗೊತ್ತುಮಾಡಿದನು, ಲೆಕ್ಕಪತ್ರದವನು ಅವರ ಸಂಬಳವನ್ನು ಹೊಡೆದುಹಾಕಿದನು. ಕೆಂಪು ಗುಂಡಿಯಂತೂ ನಮ್ಮ ಜಾತಿಯ ಹಳೆಯ ಲಾಂಛನ. ಕುತೂಹಲಿಯಾದ ಮಗುವೊಂದು ಅದನ್ನು 115ರ ಕಡೆಗೆ ಜಾರಿಸಿ ಸ್ವಿಚ್ಚು ಹಾಕಿದರೆ ನಮ್ಮ ಆಯುಷ್ಯ ಅಲ್ಲಿಗೆ ಮುಗಿಯಿತು. ಕುಲೀನರಾದ ಈಗಿನ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಆ ಗುಂಡಿಯೇ ಇರುವುದಿಲ್ಲ.

ಲೇಖಕ: ಇಷ್ಟೆಲ್ಲ ಕೊರತೆಗಳಿದ್ದೂ ತಾವು ಬಹುಕಾಲ ನಿರಾತಂಕವಾಗಿ ನಡೆದಿರಲ್ಲ?

ದಿವಂಗತ: ಕೇಳುವವರಿಲ್ಲದಿದ್ದರೆ ಯಾರ ಸಾಮರ್ಥ್ಯವೂ ಬಯಲಾಗುವುದಿಲ್ಲ. ನಿಮ್ಮ ಅಳಿಯನು ಮೊದಲಿಗೆ ಪಾಠದ ಟಿಪ್ಪಣಿಗಳನ್ನು ಬರೆಯಲಿಕ್ಕೂ ಸಿನೆಮಾ ನೋಡಲಿಕ್ಕೂ ಯಂತ್ರವನ್ನು ಬಳಸುತ್ತಿದ್ದನು. ನನ್ನ ಮೇಲೆ ನೂರು ವಾಟಿನ ಹೊರೆಯೂ ಬೀಳುತ್ತಿರಲಿಲ್ಲ. ಆಮೇಲೆ 170 ವಾಟನ್ನು ಬೇಡುವ ಆರ್‌ಟಿಎಕ್ಸ್ 3060 ಎಂಬ ಕಾರ್ಡು ಬಂದಿತು. ಅದಕ್ಕೆ ಬೇಕಾದ ಎಂಟು ಪಿನ್ನಿನ ಕನೆಕ್ಟರು ನನ್ನಲ್ಲಿ ಇಲ್ಲವೆಂಬುದನ್ನು ಕಂಡಾಗಲಾದರೂ ಅವನಿಗೆ ನನ್ನ ಸ್ಥಿತಿ ತಿಳಿಯಬೇಕಾಗಿತ್ತು, ತಿಳಿಯಲಿಲ್ಲ. ಹಳೆಯ ನಾಲ್ಕು ಪಿನ್ನಿನ ತಂತಿಗಳೆರಡನ್ನು ಕೂಡಿಸಿ ಎಂಟು ಪಿನ್ನು ಮಾಡುವ ಒಂದು ಅಡಾಪ್ಟರನ್ನು ತಂದು ಸಿಕ್ಕಿಸಿದನು. ಕೊನೆಯಲ್ಲಿ ಅವನಿಗೆ ಓವರ್‌ಕ್ಲಾಕಿಂಗಿನ ವ್ಯಾಮೋಹ ಹಿಡಿಯಿತು.

ಲೇಖಕ: ಅದೊಂದನ್ನು ನನ್ನಂಥ ಹಳಬನಿಗೆ ಅರ್ಥವಾಗುವಂತೆ ವಿವರಿಸಬೇಕು. ತಯಾರಿಸಿದವನು ಇಷ್ಟು ವೇಗ ಸಾಕೆಂದ ಮೇಲೆ ಕೊಂಡವನು ಹೆಚ್ಚು ಬೇಕೆನ್ನುವುದು ಯಾವ ನ್ಯಾಯ?

ದಿವಂಗತ: ನ್ಯಾಯವಲ್ಲದಿದ್ದರೂ ಅದಕ್ಕೊಂದು ಪುರಾಣವಿದೆ. 1998ರಲ್ಲಿ ಇಂಟೆಲ್ಲಿನವರು ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು ಮಾರಾಟಕ್ಕೆ ಬಿಟ್ಟರು. 300 ಮೆಗಾಹರ್ಟ್ಸಿಗೆ ಬೆಲೆ ತೆತ್ತವರು ಅದರ ಬಸ್ಸಿನ ಲಯವನ್ನು 66ರಿಂದ 100ಕ್ಕೆ ಏರಿಸಿ 450 ಮೆಗಾಹರ್ಟ್ಸಿನಲ್ಲಿ ಓಡಿಸಿದರು, ಅದೂ ಸುಖವಾಗಿ ಓಡಿತು. ಪುಕ್ಕಟೆಯಾಗಿ ಅರ್ಧಪಟ್ಟು ಹೆಚ್ಚು ವೇಗ ದೊರೆತ ಆ ಸವಿಯನ್ನು ಜನರು ಇಂದಿಗೂ ಮರೆತಿಲ್ಲ. ಆದರೆ ಈಗಿನ ತಯಾರಕರು ಅಂಥ ದಾನವನ್ನು ಉಳಿಸಿಲ್ಲ. ಹಿಂಡಬಹುದಾದ ವೇಗವನ್ನು ಬಹುಮಟ್ಟಿಗೆ ತಾವೇ ಹಿಂಡಿ ಕಳುಹಿಸುತ್ತಾರೆ. ಮಿಕ್ಕ ಸ್ವಲ್ಪವನ್ನು ಪಡೆಯಬೇಕಾದರೆ ವೋಲ್ಟನ್ನು ಏರಿಸಬೇಕು; ವಿದ್ಯುತ್ತಿನ ಖರ್ಚು ವೇಗದೊಡನೆ ಸಮವಾಗಿಯೂ ವೋಲ್ಟಿನೊಡನೆ ಅದರ ವರ್ಗದಂತೆಯೂ ಬೆಳೆಯುತ್ತದೆ. ನಿಮ್ಮ ಅಳಿಯನು 4.5 ಗಿಗಾಹರ್ಟ್ಸನ್ನು 5ಕ್ಕೆ ಏರಿಸಿದನು, ಅದಕ್ಕಾಗಿ 1.2 ವೋಲ್ಟನ್ನು 1.35 ಮಾಡಿದನು. ಲೆಕ್ಕ ಹಾಕಿರಿ.

ನಾನು ಪತ್ರಿಕೆಯ ಅಂಚಿನಲ್ಲಿಯೇ ಲೆಕ್ಕ ಹಾಕಿದೆನು. ವೇಗವು ನೂರಕ್ಕೆ ಹನ್ನೊಂದು ಹೆಚ್ಚಿದಾಗ ವಿದ್ಯುತ್ತು ನೂರಕ್ಕೆ ನಲವತ್ತು ಹೆಚ್ಚಿತ್ತು. ಸಾಲಗಾರನ ಬಡ್ಡಿಯ ಲೆಕ್ಕಗಳನ್ನು ನಾನು ಶಾಲೆಯಲ್ಲಿ ಬಹಳ ಮಾಡಿಸಿದ್ದೇನೆ. ಇಂಥ ದರವನ್ನು ಪಠ್ಯಪುಸ್ತಕದವರು ಕೂಡ ಕಲ್ಪಿಸಿರಲಿಲ್ಲ.

ದಿವಂಗತ: ಅವನ ಪ್ರೊಸೆಸರು ತಯಾರಕರ ಲೆಕ್ಕದಲ್ಲಿಯೇ 150 ವಾಟಿನವರೆಗೆ ಹೋಗತಕ್ಕ 12600ಕೆ, ನೂರಕ್ಕೆ ನಲವತ್ತರಂತೆ ಸೇರಿಸಿದರೆ 210. ಅಷ್ಟನ್ನು 1.35 ವೋಲ್ಟಿನಲ್ಲಿ ಕೊಡಬೇಕಾದರೆ 155 ಆಂಪಿಯರು ಹರಿಯಬೇಕು! ನಿಮ್ಮ ಇಡೀ ಮನೆಯ ಮೇನ್ ಸ್ವಿಚ್ಚು ಕಂಡರಿಯದ ಆ ಪ್ರವಾಹವು ಬೆರಳುಗುರಿನಷ್ಟು ಅಗಲದ ಸಿಲಿಕಾನಿನೊಳಕ್ಕೆ ಹೋಗುತ್ತದೆ. ಅದನ್ನು ಅಷ್ಟು ಕೆಳಕ್ಕೆ ಇಳಿಸುವವರು ಮದರ್‌ಬೋರ್ಡಿನವರು. ನನ್ನಿಂದ ಅವರು ಕೇಳುವುದು ಅಲುಗಾಡದ 12 ವೋಲ್ಟನ್ನು ಮಾತ್ರ. ನಿಯಮವು ನೂರಕ್ಕೆ ಐದರ ಏರಿಳಿತವನ್ನು ಕ್ಷಮಿಸುತ್ತದೆ, ಎಂದರೆ 11.4ರಿಂದ 12.6ರವರೆಗೆ. ಆ ವೋಲ್ಟಿನ ಮೈಮೇಲೆ ಏಳುವ ಸಣ್ಣ ಅಲೆಗಳು 120 ಮಿಲಿವೋಲ್ಟನ್ನು ದಾಟಬಾರದು. ಸಾಧಾರಣ ವೇಗದಲ್ಲಿ ನಡೆಯುವ ಯಂತ್ರವು ಇದರಲ್ಲಿ ಹೆಚ್ಚುಕಡಿಮೆಯಾದರೂ ಸಹಿಸಿಕೊಂಡೀತು. ಓವರ್‌ಕ್ಲಾಕ್ ಮಾಡಿದ ಯಂತ್ರವು ತನ್ನ ಸೈರಣೆಯನ್ನೆಲ್ಲ ವೇಗಕ್ಕಾಗಿ ಮಾರಿಕೊಂಡು ಕುಳಿತಿರುವುದರಿಂದ, ಸಣ್ಣ ಅಲೆಗೂ ತೂಕಡಿಸಿ ಬೀಳುತ್ತದೆ. ಆಗ ಹುಡುಗರು ಪ್ರೊಸೆಸರನ್ನು ಬೈಯುತ್ತಾರೆ, ಮೆಮರಿಯನ್ನು ಬದಲಿಸುತ್ತಾರೆ, ವಿಂಡೋಸನ್ನು ಮತ್ತೆ ಮತ್ತೆ ಹಾಕುತ್ತಾರೆ. ತಳದಲ್ಲಿ ಕುಳಿತ ನನ್ನ ಕಡೆಗೆ ಯಾರ ಬೆರಳೂ ತೋರುವುದಿಲ್ಲ. ಖಳನಿಗೆ ಇದಕ್ಕಿಂತ ಒಳ್ಳೆಯ ಪಾತ್ರ ಎಲ್ಲಿ ಸಿಕ್ಕೀತು?

ಲೇಖಕ: ಕಡೆಯ ಸಂಜೆಯ ವೃತ್ತಾಂತವನ್ನು ಹೇಳಬಹುದೋ?

ದಿವಂಗತ: ಮಳೆಗಾಲಕ್ಕೆ ಮುಂಚಿನ ಸೆಕೆ, ಬಜ್ಪೆಯ ಕಡೆ ಮೋಡ ಕಟ್ಟಿ ಗುಡುಗುತ್ತಿತ್ತು. ತೆಂಗಿನ ಮಡಲೊಂದು ಎಲ್ಲಿಯೋ ಲೈನಿಗೆ ತಾಗಿ ದೀಪಗಳು ಒಮ್ಮೆ ಕಣ್ಣು ಮಿಟುಕಿಸಿದವು. ಯೋಗ್ಯನಾದ ಪೆಟ್ಟಿಗೆಯು ಕರೆಂಟು ಕಡಿದುಹೋದರೂ ಪೂರ್ಣಭಾರದಲ್ಲಿ ಹನ್ನೆರಡೋ ಹದಿನಾರೋ ಮಿಲಿಸೆಕೆಂಡಿನ ಕಾಲ ತನ್ನ ಕೂಡಿಟ್ಟ ಶಕ್ತಿಯಿಂದ ಯಂತ್ರವನ್ನು ನಡೆಸಬೇಕೆಂದು ವಿಧಿಯಿದೆ. ಅಂಥ ಮಿಟುಕನ್ನು ದಾಟುವುದಕ್ಕಾಗಿಯೇ ಆ ಏರ್ಪಾಡು. ನನ್ನ ಕೆಪಾಸಿಟರುಗಳಿಗೆ ಅಷ್ಟು ಉಸಿರು ಇರಲಿಲ್ಲ. ಅದೇ ಗಳಿಗೆಯಲ್ಲಿ ಆಟದೊಳಗೆ ಯಾವನೋ ರಾಕ್ಷಸನು ಎದುರಾಗಿ, ಗ್ರಾಫಿಕ್ಸ್ ಕಾರ್ಡು ತನ್ನ ಬೇಡಿಕೆಯನ್ನು ಒಮ್ಮೆಗೇ ಏರಿಸಿತು. ಅವುಗಳ ಸ್ವಭಾವವೇ ಹಾಗೆ. ಸರಾಸರಿಯ ವಾಟನ್ನು ಚೀಟಿಯಲ್ಲಿ ಬರೆದು, ಕಣ್ಣೆವೆಯಿಕ್ಕುವುದಕ್ಕಿಂತಲೂ ಅಲ್ಪವಾದ ಕಾಲದಲ್ಲಿ ಅದನ್ನು ಬಹಳವಾಗಿ ಮೀರುತ್ತವೆ. 2022ರಲ್ಲಿ ಬಂದ ಎಟಿಎಕ್ಸ್ 3.0 ಎಂಬ ಕ್ರಮವು, ನೂರು ಮೈಕ್ರೋಸೆಕೆಂಡುಗಳ ಕಾಲ ತನ್ನ ಯೋಗ್ಯತೆಯ ಇಮ್ಮಡಿಯನ್ನು ಕೇಳಿದರೂ ಪೆಟ್ಟಿಗೆಯು ತಡೆದುಕೊಳ್ಳಬೇಕೆಂದು ವಿಧಿಸಿದ್ದು ಇದೇ ಕಾರಣಕ್ಕೆ. ನಾನಾದರೋ ಒಮ್ಮಡಿಯೂ ಇಲ್ಲದವನು. ಅತಿಭಾರವಾದರೆ, ಅತಿವೋಲ್ಟಾದರೆ, ಅತಿತಾಪವಾದರೆ ತಾನಾಗಿ ನಿಂತುಬಿಡುವ ರಕ್ಷಣೆಗಳು ಸಜ್ಜನರಲ್ಲಿ ಇರುತ್ತವೆ. ನನ್ನಲ್ಲಿ ಅವು ಪೆಟ್ಟಿಗೆಯ ಹೊರಗಿನ ಬಣ್ಣದ ರಟ್ಟಿನ ಮೇಲೆ ಮಾತ್ರ ಇದ್ದವು. ಸಿಡಿದೆನು. ಒಬ್ಬನೇ ಹೋಗಲಿಲ್ಲ, ಹೋಗುವಾಗ ಮದರ್‌ಬೋರ್ಡನ್ನೂ ಒಂದು ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋದೆನು.

ಇದನ್ನು ಹೇಳುವಾಗ ದಿವಂಗತರ ಧ್ವನಿಯಲ್ಲಿ ಪಶ್ಚಾತ್ತಾಪದ ಲೇಶವೂ ಕಾಣಲಿಲ್ಲವೆಂಬುದನ್ನು ಓದುಗರ ಗಮನಕ್ಕೆ ತರಬೇಕು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗಳಿಗೆ ತೊಂಬತ್ತು ಮೈಲಿಗೂ ದೂರದ ತಂತಿಯಲ್ಲಿ ವಿದ್ಯುತ್ತನ್ನು ಒಯ್ದವರು ನೆಲದೊಳಗಿನ ಚಿನ್ನಕ್ಕಾಗಿ ಒಯ್ದರು. ನಾವು ಪರದೆಯೊಳಗಿನ ರಾಕ್ಷಸನಿಗಾಗಿ ಒಯ್ಯುತ್ತಿದ್ದೇವೆ. ಚಿನ್ನದ ನೆನಪಿನೊಡನೆಯೇ ಮುಂದಿನ ಪ್ರಶ್ನೆಯೂ ಹೊಳೆಯಿತು.

ಲೇಖಕ: ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ, ಟೈಟೇನಿಯಂ ಎಂಬ ಪದಕಗಳನ್ನು ಧರಿಸಿದ ಪೆಟ್ಟಿಗೆಗಳಿವೆಯಷ್ಟೆ. ಚಿನ್ನದ ಪದಕವನ್ನು ನೋಡಿ ಕೊಂಡರೆ ನಿಶ್ಚಿಂತೆಯಲ್ಲವೇ?

ದಿವಂಗತ: 80 ಪ್ಲಸ್ ಎಂಬ ಆ ಪದಕಪದ್ಧತಿ 2004ರಲ್ಲಿ ಆರಂಭವಾದದ್ದು, ಒಳ್ಳೆಯ ಉದ್ದೇಶದಿಂದಲೇ. ಗೋಡೆಯಿಂದ ನೂರು ವಾಟು ತೆಗೆದರೆ ಅದರಲ್ಲಿ ಎಷ್ಟನ್ನು ಯಂತ್ರಕ್ಕೆ ಮುಟ್ಟಿಸುತ್ತೀ, ಎಷ್ಟನ್ನು ಬಿಸಿಯಾಗಿ ಪೋಲು ಮಾಡುತ್ತೀ ಎಂಬ ಒಂದೇ ಪ್ರಶ್ನೆಗೆ ಅದು ಉತ್ತರ. ಚಿನ್ನದವನು ಅರ್ಧಭಾರದಲ್ಲಿ ನೂರಕ್ಕೆ ತೊಂಬತ್ತನ್ನು ಮುಟ್ಟಿಸುತ್ತಾನೆ. ಅಲೆಗಳು ಎಷ್ಟು, ರಕ್ಷಣೆಗಳು ಇವೆಯೋ, ಆಯುಷ್ಯವೆಷ್ಟು ಎಂಬ ಪ್ರಶ್ನೆಗಳನ್ನು ಆ ಪರೀಕ್ಷಕರು ಕೇಳುವುದೇ ಇಲ್ಲ. ಇನ್ನೊಂದು ವಿಶೇಷವುಂಟು: ಪರೀಕ್ಷೆ ನಡೆಯುವುದು 23 ಡಿಗ್ರಿಯ ತಂಪಾದ ಕೋಣೆಯಲ್ಲಿ. ಕಾವೂರಿನಲ್ಲಿ ಮೇ ತಿಂಗಳ ಮಧ್ಯಾಹ್ನ 23 ಡಿಗ್ರಿಯನ್ನು ನೀವು ಕಂಡದ್ದುಂಟೋ? ನನಗೆ ಪದಕವಿಲ್ಲದಿದ್ದರೂ, ಎಂಬತ್ತರ ಆಸುಪಾಸಿನ ಯಾವುದಾದರೊಂದು ಸಂಖ್ಯೆಯನ್ನು ಅದೇ ಆಕಾರದ ಮುದ್ರೆಯಲ್ಲಿ ಅಚ್ಚು ಹಾಕಿಸಿಕೊಂಡು ಗೌರವದಿಂದ ಬಾಳಿದ ಬಂಧುಗಳು ನನಗಿದ್ದಾರೆ.

ಲೇಖಕ: ಹಾಗಾದರೆ ತಾಪದ ಲೆಕ್ಕವನ್ನು ಎಲ್ಲಿ ನೋಡಬೇಕು?

ದಿವಂಗತ: ತಾನು ಪೂರ್ಣಭಾರವನ್ನು ಎಷ್ಟು ಡಿಗ್ರಿಯವರೆಗೆ ಎಡೆಬಿಡದೆ ಹೊರುತ್ತೇನೆಂದು ಮರ್ಯಾದಸ್ಥನು ಬರೆದುಕೊಟ್ಟಿರುತ್ತಾನೆ; 40 ಅಥವಾ 50 ಎಂದಿದ್ದರೆ ನಂಬಬಹುದು, 25 ಎಂದಿದ್ದರೆ ಅಥವಾ ಏನೂ ಬರೆಯದಿದ್ದರೆ ಪೆಟ್ಟಿಗೆಯನ್ನು ಕಪಾಟಿಗೇ ಹಿಂದಿರುಗಿಸಬಹುದು. ಕೆಪಾಸಿಟರಿನ ಮೈಮೇಲೂ ಒಂದು ಸಂಖ್ಯೆ ಇರುತ್ತದೆ: ನನ್ನವು 85 ಡಿಗ್ರಿಯವು, ಒಳ್ಳೆಯವರವು 105ರವು. ಎರಡೂ ತಮ್ಮ ತಮ್ಮ ಗಡಿಯ ತಾಪದಲ್ಲಿ 2000 ಗಂಟೆ ಬಾಳುವಂಥವೆಂದು ಇಟ್ಟುಕೊಳ್ಳಿರಿ. ಹತ್ತು ಡಿಗ್ರಿ ತಂಪಾದಂತೆಲ್ಲ ಆಯುಷ್ಯ ಇಮ್ಮಡಿಯಾಗುತ್ತದೆಂಬುದು ಸ್ಥೂಲವಾದ ನಿಯಮ. ಪೆಟ್ಟಿಗೆಯೊಳಗೆ 65 ಡಿಗ್ರಿ ಇದ್ದರೆ ನನ್ನವನ ಆಯುಷ್ಯ 8000 ಗಂಟೆ, ಅವನದು 32000. ನನ್ನ ಒಡೆಯರು ಒಂದು ವರ್ಷದ ವಾರಂಟಿ ಕೊಟ್ಟದ್ದೂ, ಒಳ್ಳೆಯವರು ಏಳೋ ಹತ್ತೋ ವರ್ಷದ್ದನ್ನು ಕೊಡುವುದೂ ಔದಾರ್ಯದ ಭೇದದಿಂದಲ್ಲ, ಗಣಿತದಿಂದ.

ಲೇಖಕ: ಅಳಿಯನಿಗೆ ಎಷ್ಟು ವಾಟಿನದನ್ನು ಕೊಡಿಸಲಿ? ಈಗ ಅವನು 1200 ಎನ್ನುತ್ತಿದ್ದಾನೆ.

ದಿವಂಗತ: ಸುಟ್ಟುಕೊಂಡವನ ವೈರಾಗ್ಯ! ಪ್ರೊಸೆಸರಿಗೆ 210, ಕಾರ್ಡಿಗೆ 170, ಮದರ್‌ಬೋರ್ಡು, ಮೆಮರಿ, ಡಿಸ್ಕು, ಫ್ಯಾನುಗಳಿಗೆಲ್ಲ ಸೇರಿ 70, ಒಟ್ಟು 450. ಕಾರ್ಡಿನ ಹಠಾತ್ ಬೇಡಿಕೆಗೂ ಮುಂದಿನ ಮುಪ್ಪಿಗೂ ಸ್ವಲ್ಪ ಅವಕಾಶವಿಟ್ಟರೆ 650 ವಾಟಿನ ಪ್ರಾಮಾಣಿಕನು ಸಾಕು. 320 ವಾಟಿನ 3080ನ್ನೋ ಅಂಥ ಇನ್ನೊಂದನ್ನೋ ತರುವ ಯೋಚನೆ ಅವನಿಗಿದ್ದರೆ 850. ಸಾವಿರದ ಇನ್ನೂರನ್ನು ಕೊಂಡರೆ ಹಾನಿಯೇನಿಲ್ಲ, ನಿಮ್ಮ ಪಿಂಚಣಿಗೆ ಹೊರತು. ಹೊಸ ಪೆಟ್ಟಿಗೆ ತಂದಾಗ ಅದರ ತಂತಿಗಳನ್ನೇ ಬಳಸುವಂತೆ ಹೇಳಿರಿ. ಬಿಚ್ಚಿ ಜೋಡಿಸುವ ತಂತಿಗಳ ಪೆಟ್ಟಿಗೆಯ ಕಡೆಯ ತುದಿಯಲ್ಲಿ ಯಾವ ಪಿನ್ನಿನಲ್ಲಿ ಏನು ಬರುತ್ತದೆಂಬುದು ಕಂಪೆನಿಯಿಂದ ಕಂಪೆನಿಗೆ, ಕೆಲವೊಮ್ಮೆ ಒಂದೇ ಕಂಪೆನಿಯ ಮಾದರಿಯಿಂದ ಮಾದರಿಗೆ ಬೇರೆ. ಸುಲಭವಾಗಿ ಒಳಗೆ ಕುಳಿತಿತೆಂಬ ಮಾತ್ರಕ್ಕೆ ಸರಿಯೆಂದು ತಿಳಿದು ಡಿಸ್ಕುಗಳನ್ನು ಸುಟ್ಟುಕೊಂಡವರು ಬಹಳ.

ಲೇಖಕ: ಇಷ್ಟು ಮುಖ್ಯವಾದ ವಸ್ತುವಿಗೆ ಹುಡುಗರು ಕಡೆಯಲ್ಲಿ ಉಳಿದ ಚಿಲ್ಲರೆಯನ್ನು ಮೀಸಲಿಡುವುದೇಕೆ?

ದಿವಂಗತ: ನೀವು ಬಾಲ್ಯದಲ್ಲಿ ದೀವಟಿಗೆಯ ಬೆಳಕಿನ ಯಕ್ಷಗಾನದ ಕಥೆಗಳನ್ನು ಹಿರಿಯರಿಂದ ಕೇಳಿರಬೇಕು. ಬಣ್ಣದ ವೇಷದ ಅಬ್ಬರವನ್ನೂ ಕಿರೀಟದ ಮಿಂಚನ್ನೂ ಹೊಗಳಿದವರು ಉಂಟು. ರಾತ್ರಿಯಿಡೀ ಎಚ್ಚರವಾಗಿದ್ದು ದೀವಟಿಗೆಗೆ ಎಣ್ಣೆ ಹೊಯ್ದವನ ಹೆಸರನ್ನು ಯಾರು ಕೇಳಿದರು? ಅವನು ತೂಕಡಿಸಿದರೆ ಮಾತ್ರ ಸಭೆಗೆ ಅವನ ನೆನಪು. ನಿಮ್ಮ ಅಳಿಯನ ಕ್ಯಾಬಿನೆಟ್ಟಿನಲ್ಲಿ ಏಳು ಬಣ್ಣದಲ್ಲಿ ತಿರುಗುವ ಫ್ಯಾನುಗಳಿವೆ, ಗಾಜಿನ ಗೋಡೆಯಿದೆ. ನನ್ನ ಸ್ಥಾನವನ್ನು ಮಾತ್ರ ತಗಡಿನ ಹೊದಿಕೆಯೊಂದರಿಂದ ಮರೆಮಾಡಿದ್ದಾರೆ. ಕಾಣಿಸದ ವಸ್ತುವಿಗೆ ಯಾರು ಹಣ ಸುರಿಯುತ್ತಾರೆ?

ಇಲ್ಲಿ ದಿವಂಗತರು ತಾವೇ ಒಂದು ಗುಟ್ಟನ್ನು ಹೊರಗೆಡಹಿದರು. ಸಂದರ್ಶನದ ಸಾರವೆಲ್ಲ ಈ ಭಾಗದಲ್ಲಿದೆಯೆಂದು ನನ್ನ ಅಭಿಪ್ರಾಯ.

ದಿವಂಗತ: ಹೊಸಬನು ಬಂದ ಮೇಲೆ ನಿಮ್ಮ ಮನೆಯಲ್ಲಿ ಒಂದು ದೂರು ಏಳುತ್ತದೆ, ಈಗಲೇ ಹೇಳಿಬಿಡುತ್ತೇನೆ. ಕ್ಯಾಬಿನೆಟ್ಟಿನ ತಗಡನ್ನು ಬರಿಗೈಯಿಂದ ಸವರಿದವರಿಗೆ ಜುಮ್ಮೆನ್ನುತ್ತದೆ. ಆಗ ಮನೆಮಂದಿಯೆಲ್ಲ ಹಳೆಯದೇ ಒಳ್ಳೆಯದಿತ್ತು, ಒಂದು ದಿನವೂ ಶಾಕ್ ಹೊಡೆದದ್ದಿಲ್ಲ ಎಂದು ನನ್ನ ಗುಣಗಾನ ಮಾಡುತ್ತಾರೆ. ಕಾರಣ ಕೇಳಿರಿ. ಯೋಗ್ಯನಲ್ಲಿರುವ ಫಿಲ್ಟರು ತನ್ನ ಸಣ್ಣ ಕೆಪಾಸಿಟರುಗಳ ಮೂಲಕ ಗೊಂದಲವನ್ನು ಅರ್ತಿಂಗಿಗೆ ಇಳಿಸುತ್ತದೆ. ಗೋಡೆಯ ಮೂರನೆಯ ತೂತು ನಿಜವಾಗಿ ಭೂಮಿಯನ್ನು ಮುಟ್ಟಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಮುಟ್ಟದಿದ್ದರೆ ತಗಡಿನ ಮೇಲೆ ಮೇನ್ಸಿನ ಅರ್ಧದಷ್ಟು ವೋಲ್ಟು ಬಂದು ನಿಂತು, ಪ್ರವಾಹ ಬಹಳ ಅಲ್ಪವಾದುದರಿಂದ ಚುರುಗುಟ್ಟಿಸುವುದರಲ್ಲಿಯೇ ಮುಗಿಯುತ್ತದೆ. ನನ್ನಲ್ಲಿ ಫಿಲ್ಟರೇ ಇರಲಿಲ್ಲ. ಆದುದರಿಂದ ನಿಮ್ಮ ಮನೆಗೆ ಅರ್ತಿಂಗ್ ಇಲ್ಲವೆಂಬ ಸತ್ಯವನ್ನು ನಾನು ಎಂದಿಗೂ ಹೊರಗೆಡಹಲಿಲ್ಲ. ನಿಮ್ಮ ನೆಲ ಮುರಕಲ್ಲು. ಬೇಸಗೆಯಲ್ಲಿ ಒಣಗಿ ವಿದ್ಯುತ್ತನ್ನು ತನ್ನೊಳಗೆ ಬಿಟ್ಟುಕೊಳ್ಳುವುದಿಲ್ಲ. ಮನೆ ಕಟ್ಟಿದಾಗ ತೋಡಿದ ಗುಂಡಿಗೆ ಇದ್ದಿಲು, ಉಪ್ಪು ಹಾಕಿದ್ದರೋ ಇಲ್ಲವೋ, ಹಾಕಿದ್ದರೆ ಆಮೇಲೆ ಅದಕ್ಕೆ ಯಾರಾದರೂ ನೀರು ಹೊಯ್ದದ್ದುಂಟೋ? ಸತ್ಯವನ್ನು ಹೇಳಿದವನ ಮೇಲೆ ದೂರು, ಮುಚ್ಚಿಟ್ಟವನಿಗೆ ಹೊಗಳಿಕೆ. ನಿಮ್ಮ ಲೋಕದ ರೀತಿ ನಮಗೂ ತಿಳಿಯದ್ದಲ್ಲ.

ನಾನು ಎದ್ದುಹೋಗಿ ಮನೆಯ ಹಿಂಬದಿಯಲ್ಲಿ ಆ ಗುಂಡಿಯನ್ನು ಹುಡುಕಿದೆನು. ಅದರ ಮೇಲೆ ಈಗ ಬಟ್ಟೆ ಒಗೆಯುವ ಕಲ್ಲಿದೆ.

ಲೇಖಕ: ಮನೆಯ ಇನ್ವರ್ಟರಿಗೆ ಹೊಸಬನು ಹೊಂದಿಕೊಳ್ಳುವನೋ?

ದಿವಂಗತ: ಶುದ್ಧ ಸೈನ್ ವೇವಿನ ಇನ್ವರ್ಟರೋ ಯುಪಿಎಸ್ಸೋ ಆದರೆ ಹೊಂದಿಕೊಳ್ಳುವನು. ಅಲೆಯ ಬದಲಿಗೆ ಮೆಟ್ಟಿಲುಗಳನ್ನು ಕಳುಹಿಸುವ ಅಗ್ಗದವುಗಳೊಡನೆ, ಪವರ್ ಫ್ಯಾಕ್ಟರನ್ನು ತಿದ್ದಿಕೊಳ್ಳುವ ಈಗಿನ ಪೆಟ್ಟಿಗೆಗಳಲ್ಲಿ ಕೆಲವು ಜಗಳ ತೆಗೆದು ನಿಂತುಬಿಡುತ್ತವೆ. ಗುಡುಗು ಕೇಳಿದರೆ ಮಾತ್ರ ಯಾವ ಪದಕವನ್ನೂ ನಂಬಬೇಡಿರಿ, ಪ್ಲಗ್ಗನ್ನು ಕಿತ್ತಿಡಿರಿ. ಫ್ಯಾನಿನ ಜಾಳಿಗೆಯನ್ನು ಆಗಾಗ ನೋಡುತ್ತಿರಿ. ಕಡಲಿನ ತೇವವೂ ಧೂಳೂ ಕೂಡಿ ಕಟ್ಟುವ ಕಸ, ಬೆಚ್ಚಗಿದೆಯೆಂದು ಬಂದು ಸೇರುವ ಹಲ್ಲಿ, ಇರುವೆಗಳು ನಮ್ಮ ಅಂತ್ಯಕ್ಕೆ ಓವರ್‌ಕ್ಲಾಕಿಂಗಿನಷ್ಟೇ ಸಮರ್ಥವಾದ ಕಾರಣಗಳು.

ಲೇಖಕ: ಅಂತಿಮ ಇಚ್ಛೆಯೇನಾದರೂ?

ದಿವಂಗತ: ಒಂದುಂಟು. ನನ್ನನ್ನು ಗುಜರಿಯವನಿಗೆ ಹಾಗೆಯೇ ಕೊಡಬೇಡಿರಿ ಮಾಸ್ತರರೇ. ಅವನಿಂದ ನಾನು ಇನ್ನೊಬ್ಬನ ಕೈಗೆ ಹೋಗುತ್ತೇನೆ. ಅವನು ಸಿಡಿದ ಭಾಗವೊಂದನ್ನು ಬದಲಿಸಿ, ಮೈ ಒರಸಿ, ಹೊಸ ಚೀಟಿಯನ್ನು ಅಂಟಿಸುತ್ತಾನೆ. ಈ ಜನ್ಮದಲ್ಲಿ ಐನೂರನ್ನು ಹೊತ್ತುಕೊಂಡೇ ಇಷ್ಟು ಕಷ್ಟಪಟ್ಟೆನು. ಮುಂದಿನ ಜನ್ಮದಲ್ಲಿ ಆರುನೂರು ಬರೆದುಬಿಟ್ಟರೆ ಯಾವ ಮನೆಯ ಮದರ್‌ಬೋರ್ಡಿಗೆ ನಾನು ಉತ್ತರ ಹೇಳಲಿ?

ದಿವಂಗತರು ಇಷ್ಟು ಹೇಳಿ ಸುಮ್ಮನಾದರು. ಅಳಿಯನಿಗೆ 650 ವಾಟಿನದೊಂದನ್ನು ಕೊಡಿಸುವುದೆಂದೂ, ಅದಕ್ಕೆ ಮೊದಲು ಬಟ್ಟೆ ಒಗೆಯುವ ಕಲ್ಲನ್ನು ಸರಿಸಿ ಅರ್ತಿಂಗನ್ನು ಹೊಸದಾಗಿ ಮಾಡಿಸುವುದೆಂದೂ ಮನೆಯಲ್ಲಿ ತೀರ್ಮಾನವಾಗಿದೆ. ಓವರ್‌ಕ್ಲಾಕಿಂಗಿನ ವಿಷಯದಲ್ಲಿ ಅವನೂ ನಾನೂ ಇನ್ನೂ ಒಮ್ಮತಕ್ಕೆ ಬಂದಿಲ್ಲ. ಓದುಗರಲ್ಲಿ ಯಾರ ಮನೆಯಲ್ಲಾದರೂ ಇಂಥ ದಿವಂಗತರು ಮೂಲೆಯಲ್ಲಿ ಮಲಗಿದ್ದರೆ, ಅವರನ್ನು ಇ-ತ್ಯಾಜ್ಯ ಸ್ವೀಕರಿಸುವವರ ವಶಕ್ಕೆ ಒಪ್ಪಿಸುವ ಮುನ್ನ, ಪ್ಲಗ್ಗಿನಲ್ಲಿ ಇಲ್ಲವೆಂಬುದನ್ನು ಖಚಿತಪಡಿಸಿಕೊಂಡು, ಮೈಮೇಲಿನ ಚೀಟಿಯನ್ನು ಹರಿದುಹಾಕಬೇಕಾಗಿ ವಿನಂತಿ.